ರೆಸೊನೆನ್ಸ್ ಬದಲಿಸಬಹುದಾದ ನೀರೊಳಗಿನ ಟ್ರಾನ್ಸ್‌ಡ್ಯೂಸರ್: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾಜೆಕ್ಟ್ ಮಾಡುತ್ತಿರುವ ಎಂಜಿನಿಯರಿಂಗ್ ಹುಡುಗರು, ಸಮುದ್ರದ ಕೆಲಸಕ್ಕೆ ಹೊಸದಾಗಿ ಸೇರಿದವರು, ಸುಮ್ನೆ ಕುತೂಹಲ ಇರುವವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಯಾವ ಪ್ರಶ್ನೆ ಬೇಕೋ ಅದನ್ನು ಮಾತ್ರ ಓದಿದರೂ ಅರ್ಥವಾಗುತ್ತದೆ. ಆದರೆ ಈ ವಿಷಯಕ್ಕೆ ಹೊಸಬರಾದರೆ ಮೇಲಿನಿಂದಲೇ ಶುರು ಮಾಡಿ.

## ಮೊದಲ ಹೆಜ್ಜೆ

ನೀರೊಳಗಿನ ಟ್ರಾನ್ಸ್‌ಡ್ಯೂಸರ್ ಅಂದ್ರೆ ನೀರೊಳಗಿನ ಸ್ಪೀಕರ್ ತಾನೇ?

ಸ್ಪೀಕರ್ ಹೌದು, ಮೈಕೂ ಹೌದು. ಕರೆಂಟ್ ಕೊಟ್ಟರೆ ನಡುಗಿ ಶಬ್ದ ಹೊರಡಿಸುತ್ತದೆ. ಶಬ್ದ ಬಂದು ಬಡಿದರೆ ವೋಲ್ಟೇಜ್ ಕೊಡುತ್ತದೆ. ಒಳಗಿರುವುದು ಪೀಜೋ ಸೆರಾಮಿಕ್, ಹೆಚ್ಚಾಗಿ ಪಿಜೆಡ್‌ಟಿ ಅನ್ನುವ ಸೀಸ-ಜಿರ್ಕೋನಿಯಂ-ಟೈಟಾನಿಯಂ ಸೆರಾಮಿಕ್. ಒತ್ತಿದರೆ ವಿದ್ಯುತ್ ಹುಟ್ಟುವ ಈ ಗುಣವನ್ನು 1880ರಲ್ಲಿ ಕ್ಯೂರಿ ಸಹೋದರರು ಹರಳುಗಳಲ್ಲಿ ಕಂಡರು. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಪಾಲ್ ಲಾಂಜವಾಂ ಉಕ್ಕಿನ ಎರಡು ತಟ್ಟೆಗಳ ನಡುವೆ ಕ್ವಾರ್ಟ್ಜ್ ಇಟ್ಟು, ಜಲಾಂತರ್ಗಾಮಿ ಹುಡುಕುವ ಸಾಧನ ಮಾಡಿದರು. ಇವತ್ತಿಗೂ ಆ ಸ್ಯಾಂಡ್‌ವಿಚ್ ರಚನೆಗೆ ಅವರ ಹೆಸರೇ ಇದೆ.

ಮನೆಯ ಸ್ಪೀಕರ್‌ಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಗಾಳಿ ಹಗುರ, ಅದನ್ನು ಕಾಗದದ ಕೋನ್ ಕೂಡ ತಳ್ಳುತ್ತದೆ. ನೀರು ಭಾರ, ಬೇಗ ಕುಗ್ಗುವುದೂ ಇಲ್ಲ. ಅದನ್ನು ತಳ್ಳೋಕೆ ಚಲನೆ ಕಡಿಮೆ ಸಾಕು, ಬಲ ಮಾತ್ರ ಜಾಸ್ತಿ ಬೇಕು. ಗಟ್ಟಿ ಸೆರಾಮಿಕ್ ಸರಿಯಾಗಿ ಅದನ್ನೇ ಮಾಡುತ್ತದೆ: ಕೂದಲೆಳೆಗಿಂತ ಎಷ್ಟೋ ಕಡಿಮೆ ಅಲುಗಾಟ, ಆದರೆ ಭಾರಿ ಒತ್ತಡ.

ರೆಸೊನೆನ್ಸ್ ಫ್ರೀಕ್ವೆನ್ಸಿ ಅಂದರೇನು? ಸರಳವಾಗಿ ಹೇಳ್ತೀರಾ?

ಮೃದಂಗ ಶ್ರುತಿ ಮಾಡುವುದನ್ನು ಹತ್ತಿರದಿಂದ ನೋಡಿದ್ದೀರಾ? ಕಛೇರಿಗೆ ಮೊದಲು ವಿದ್ವಾಂಸರು ಎಡಗಡೆಯ ಚರ್ಮದ ನಡುವೆ ನೀರಲ್ಲಿ ಕಲಸಿದ ರವೆ ಮೆತ್ತುತ್ತಾರೆ. ಅದು ತೂಕ. ತೂಕ ಹೆಚ್ಚಾದರೆ ಶ್ರುತಿ ಇಳಿಯುತ್ತದೆ. ಬಲಗಡೆಯ ಅಂಚನ್ನು ಮೇಲಿನಿಂದ ತಟ್ಟಿ ಬಿಗಿ ಮಾಡುತ್ತಾರೆ. ಅದು ಬಿಗಿತ. ಬಿಗಿ ಹೆಚ್ಚಾದರೆ ಶ್ರುತಿ ಏರುತ್ತದೆ. ಸರ್ ಸಿ.ವಿ. ರಾಮನ್ 1920ರಲ್ಲೇ ನಮ್ಮ ಚರ್ಮವಾದ್ಯಗಳ ನಾದದ ಬಗ್ಗೆ ಬರೆದಿದ್ದರು.

ಟ್ರಾನ್ಸ್‌ಡ್ಯೂಸರ್‌ಗೂ ಇದೇ ಕಥೆ. ಸೆರಾಮಿಕ್ ಸ್ಪ್ರಿಂಗ್‌ನ ಜಾಗದಲ್ಲಿದೆ, ಅದರ ಎರಡು ಕಡೆಯ ಲೋಹದ ತುಂಡುಗಳು ತೂಕದ ಜಾಗದಲ್ಲಿವೆ. ಬಿಗಿತವನ್ನು ತೂಕದಿಂದ ಭಾಗಿಸಿ ವರ್ಗಮೂಲ ತೆಗೆದು, 2 ಪೈ ಇಂದ ಭಾಗಿಸಿದರೆ ಬರುವುದೇ ಅದರ ಸಹಜ ಶ್ರುತಿ, ಅಂದರೆ ರೆಸೊನೆನ್ಸ್ ಫ್ರೀಕ್ವೆನ್ಸಿ. ಆ ಶ್ರುತಿಯಲ್ಲಿ ಕರೆಂಟ್ ಕೊಟ್ಟರೆ ಸ್ವಲ್ಪ ವೋಲ್ಟೇಜಿಗೇ ಹಲವು ಪಟ್ಟು ಅಲುಗಾಟ ಸಿಗುತ್ತದೆ. ಅದಕ್ಕೇ ಎಲ್ಲರೂ ರೆಸೊನೆನ್ಸ್‌ನಲ್ಲಿ ಓಡಿಸಲು ನೋಡುತ್ತಾರೆ.

ಒಂದೇ ಫ್ರೀಕ್ವೆನ್ಸಿ ಸಾಕಲ್ವಾ? ಬದಲಿಸೋ ಅಗತ್ಯ ಯಾಕೆ ಬಂತು?

ಸಮುದ್ರ ಒಂದೇ ಥರ ಇರುವುದಿಲ್ಲ, ಅದಕ್ಕೆ. ಉಪ್ಪುನೀರಿನಲ್ಲಿ 10 ಕಿಲೋಹರ್ಟ್ಸ್ ಶಬ್ದ ಒಂದು ಕಿಲೋಮೀಟರಿಗೆ ಸುಮಾರು 1 ಡೆಸಿಬೆಲ್ ಮಾತ್ರ ಹೀರಿಹೋಗುತ್ತದೆ. 100 ಕಿಲೋಹರ್ಟ್ಸ್ ಆದರೆ ಅದೇ ದೂರಕ್ಕೆ 30 ಡೆಸಿಬೆಲ್‌ಗಿಂತ ಜಾಸ್ತಿ. ಹಾಗಾಗಿ ದೂರಕ್ಕೆ ಕೆಳ ಶ್ರುತಿ, ಹತ್ತಿರದ ಸಣ್ಣ ವಸ್ತು ಕಾಣಲು ಮೇಲಿನ ಶ್ರುತಿ. ಒಂದೇ ಸಾಧನ ಎರಡನ್ನೂ ಮಾಡಲಿ ಅನ್ನುವ ಆಸೆ ಸಹಜ.

ನನ್ನ ಅನುಭವದಲ್ಲಿ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನೀವು 12 ಕಿಲೋಹರ್ಟ್ಸ್ ಅಂತ ಕಟ್ಟಿದ ಸಾಧನ ಆಳಕ್ಕೆ ಹೋದಾಗ, ನೀರು ತಣ್ಣಗಾದಾಗ, ವರ್ಷಗಳು ಕಳೆದಾಗ 12ರಲ್ಲೇ ನಿಲ್ಲುವುದಿಲ್ಲ. ಹತ್ತಿಪ್ಪತ್ತು ಸಾಧನಗಳನ್ನು ಸಾಲಾಗಿ ಜೋಡಿಸಿದರಂತೂ ಒಂದೊಂದೂ ಒಂದೊಂದು ಕಡೆ ಜಾರುತ್ತದೆ. ಅವನ್ನೆಲ್ಲ ಮತ್ತೆ ಒಂದೇ ಶ್ರುತಿಗೆ ತರಲು ಶೇಕಡಾ ಐದರಷ್ಟು ಹೊಂದಾಣಿಕೆ ಇದ್ದರೂ ಎಷ್ಟೋ ಉಪಕಾರ.

ಕ್ಯೂ ಅಂತಾರಲ್ಲ, ಅದಕ್ಕೂ ಟ್ಯೂನಿಂಗ್‌ಗೂ ಏನು ಸಂಬಂಧ?

ರೆಸೊನೆನ್ಸ್ ಎಷ್ಟು ಚೂಪು ಅನ್ನುವುದರ ಅಳತೆಯೇ ಕ್ಯೂ. 12 ಕಿಲೋಹರ್ಟ್ಸ್ ಸಾಧನದ ಕ್ಯೂ 10 ಇದ್ದರೆ ಅದರ ಕಿಟಕಿಯ (ಅದು ಚೆನ್ನಾಗಿ ಕೆಲಸ ಮಾಡುವ ಫ್ರೀಕ್ವೆನ್ಸಿಗಳ ಪಟ್ಟಿಯ) ಅಗಲ 1.2 ಕಿಲೋಹರ್ಟ್ಸ್. ಟ್ಯೂನ್ ಮಾಡಿದರೆ ಈ ಕಿಟಕಿ ಎಡಕ್ಕೋ ಬಲಕ್ಕೋ ಸರಿಯುತ್ತದೆ. ಅಗಲವಾಗುವುದಿಲ್ಲ. ತುಂಬಾ ಜನ ಎಡವುವುದು ಇಲ್ಲೇ. "10ರಿಂದ 14ರವರೆಗೆ ಟ್ಯೂನ್ ಆಗುತ್ತೆ, ಹಾಗಾಗಿ 4 ಕಿಲೋಹರ್ಟ್ಸ್ ಅಗಲದ ಸಿಗ್ನಲ್ ಕಳಿಸಬಹುದು" ಅನ್ನುವ ಲೆಕ್ಕ ತಪ್ಪು. ಒಂದು ಗಳಿಗೆಯಲ್ಲಿ ಸಿಗುವುದು ಆ 1.2 ಮಾತ್ರ.

ಹಾಗಿದ್ರೆ ಬ್ರಾಡ್‌ಬ್ಯಾಂಡ್ ಸಾಧನವನ್ನೇ ತಗೊಂಡ್ರೆ ಆಗಲ್ವಾ?

ಬ್ರಾಡ್‌ಬ್ಯಾಂಡ್ ಅಂದರೆ ಕಿಟಕಿ ಅಗಲವಾಗಿರುವ ಸಾಧನ. ಸಿಗ್ನಲ್ಲೇ ಅಗಲವಾಗಿದ್ದರೆ ಅದೇ ಸರಿ. ವೇಗದ ಡೇಟಾ ಕಳಿಸುವ ಮೋಡೆಮ್‌ಗೆ, ಚಿಕ್ಕ ಪಲ್ಸ್ ಬೇಕಾದ ಕೆಲಸಕ್ಕೆ ಟ್ಯೂನ್ ಆಗುವ ಸಾಧನ ಬೇಡ. ಸಿಗ್ನಲ್ ಕಿರಿದಾಗಿದ್ದು, ಬ್ಯಾಟರಿ ಉಳಿಯಬೇಕು, ಶಬ್ದ ಜೋರಿರಬೇಕು, ಫ್ರೀಕ್ವೆನ್ಸಿ ನಿಧಾನವಾಗಿ ಬದಲಾದರೆ ಸಾಕು ಅನ್ನುವ ಕಡೆ ಮಾತ್ರ ಟ್ಯೂನಿಂಗ್ ಗೆಲ್ಲುತ್ತದೆ. ಬರೀ ಕೇಳಿಸಿಕೊಳ್ಳುವ ಹೈಡ್ರೋಫೋನ್‌ಗೂ ಇದರ ಅಗತ್ಯ ಇಲ್ಲ. ಅದನ್ನು ಸಾಮಾನ್ಯವಾಗಿ ರೆಸೊನೆನ್ಸ್‌ಗಿಂತ ತುಂಬಾ ಕೆಳಗೆ ಬಳಸುತ್ತಾರೆ.

## ವಿನ್ಯಾಸ

ಫ್ರೀಕ್ವೆನ್ಸಿ ಬದಲಿಸೋಕೆ ಏನೇನು ದಾರಿಗಳಿವೆ?

ಇರುವುದು ಎರಡೇ ಹಿಡಿಕೆ: ತೂಕ, ಬಿಗಿತ. ಉಳಿದಿದ್ದೆಲ್ಲ ಇವುಗಳ ರೂಪ. ನೀರೊಳಗೆ ಮುಳುಗಿ ಸೀಲ್ ಆಗಿ ಕೂತಿರುವ ಸಾಧನದ ತೂಕ ಬದಲಿಸುವುದು ಕಷ್ಟ. ಬಿಗಿತ ಬದಲಿಸುವುದು ಸುಲಭ. ಸೆರಾಮಿಕ್‌ನ ಒಂದು ಭಾಗಕ್ಕೆ ಕೆಪ್ಯಾಸಿಟರ್ ಜೋಡಿಸಿ ಬದಲಿಸಬಹುದು. ಟರ್ಫೆನಾಲ್-ಡಿ ತರಹದ ಮಿಶ್ರಲೋಹವಾದರೆ ಕಾಂತಕ್ಷೇತ್ರದಿಂದ ಬದಲಿಸಬಹುದು. ಕೊಳವೆಯೊಳಗಿನ ನೀರೇ ಕಂಪಿಸುವ ವಿನ್ಯಾಸದಲ್ಲಿ ಕೊಳವೆಯ ಉದ್ದವನ್ನೇ ಬದಲಿಸಬಹುದು.

ಯಾವ ದಾರಿ ಹಿಡಿದರೂ ಒಂದು ಮಾತು ನೆನಪಿರಲಿ. ನಾನು ಹೇಳಬೇಕೆಂದಿರುವುದರಲ್ಲಿ ಇದೇ ಮುಖ್ಯ. ಕಂಪನದ ಶಕ್ತಿಯಲ್ಲಿ ಎಷ್ಟು ಪಾಲು ನೀವು ಬದಲಿಸುವ ಭಾಗದ ಮೂಲಕ ಹಾದುಹೋಗುತ್ತದೋ, ಅದಕ್ಕೆ ತಕ್ಕಷ್ಟು ಮಾತ್ರ ಫ್ರೀಕ್ವೆನ್ಸಿ ಸರಿಯುತ್ತದೆ. ಶಕ್ತಿ ಇಲ್ಲದ ಮೂಲೆಯಲ್ಲಿ ಎಷ್ಟು ಜಾಣತನ ಮಾಡಿದರೂ ಪ್ರಯೋಜನವಿಲ್ಲ.

ಟಾನ್‌ಪಿಲ್ಜ್ ಅಂತ ಎಲ್ಲಾ ಕಡೆ ಬರುತ್ತೆ. ಒಂದು ಲೆಕ್ಕ ಮಾಡಿ ತೋರಿಸ್ತೀರಾ?

ಟಾನ್‌ಪಿಲ್ಜ್ ಅಂದರೆ ಜರ್ಮನ್ ಭಾಷೆಯಲ್ಲಿ ನಾದದ ಅಣಬೆ. ಮುಂದೆ ಅಗಲವಾದ ಹಗುರ ತಲೆ, ಸಾಮಾನ್ಯವಾಗಿ ಅಲ್ಯೂಮಿನಿಯಂ. ಹಿಂದೆ ಭಾರದ ಬಾಲ, ಉಕ್ಕು. ನಡುವೆ ಸೆರಾಮಿಕ್ ಉಂಗುರಗಳ ಅಡುಕು. ಎಲ್ಲವನ್ನೂ ಹಿಡಿದಿಡುವ ಒಂದು ಬೋಲ್ಟ್.

ಅಲ್ಟ್ರಾಸಾನಿಕ್ ಕ್ಲೀನರ್‌ಗಳಿಗೆ ಮಾರುವ ಉಂಗುರಗಳನ್ನೇ ತಗೊಳ್ಳೋಣ: ಹೊರಗಿನ ವ್ಯಾಸ 38 ಮಿ.ಮೀ., ತೂತು 15, ದಪ್ಪ 5. ಅಂಥ ಆರು ಉಂಗುರ ಅಡುಕಿದರೆ ಉದ್ದ 30 ಮಿ.ಮೀ., ವಿಸ್ತೀರ್ಣ ಸುಮಾರು 957 ಚದರ ಮಿ.ಮೀ. ಗಟ್ಟಿ ಪಿಜೆಡ್‌ಟಿಯ ಯಂಗ್ಸ್ ಮಾಡ್ಯುಲಸ್ (ವಸ್ತುವಿನ ಬಿಗಿತದ ಅಳತೆ) ಸುಮಾರು 64 ಗಿಗಾಪಾಸ್ಕಲ್. ವಿಸ್ತೀರ್ಣದಿಂದ ಗುಣಿಸಿ ಉದ್ದದಿಂದ ಭಾಗಿಸಿದರೆ ಬಿಗಿತ ಮೀಟರಿಗೆ ಸುಮಾರು 200 ಕೋಟಿ ನ್ಯೂಟನ್.

ತಲೆ 400 ಗ್ರಾಂ ಇರಲಿ. ಅದರ ಜೊತೆ ಅಲುಗುವ ನೀರಿಗೆ 100 ಗ್ರಾಂ ಸೇರಿಸಿ. ಬಾಲ 1.5 ಕಿಲೋ. ಎರಡೂ ತುದಿ ಅಲುಗುವುದರಿಂದ ಎರಡು ತೂಕಗಳನ್ನು ಗುಣಿಸಿ, ಅವುಗಳ ಮೊತ್ತದಿಂದ ಭಾಗಿಸಬೇಕು: 0.375 ಕಿಲೋ. ಸೂತ್ರಕ್ಕೆ ಹಾಕಿದರೆ ಸುಮಾರು 11.8 ಕಿಲೋಹರ್ಟ್ಸ್ ಬರುತ್ತದೆ. ನಿಜದಲ್ಲಿ ಇನ್ನೂ ಸ್ವಲ್ಪ ಕೆಳಗೆ ಬರುತ್ತದೆ. ಸೆರಾಮಿಕ್‌ನದೇ ತೂಕ 220 ಗ್ರಾಂ ಹತ್ತಿರ ಇದೆ, ಅಂಟಿನ ಪದರಗಳು ಮೆದು. ಬೋಲ್ಟ್ ಮಾತ್ರ ಸ್ವಲ್ಪ ಮೇಲಕ್ಕೆ ಎಳೆಯುತ್ತದೆ. ಮೊದಲ ಅಂದಾಜಿಗೆ ಈ ಲೆಕ್ಕ ಧಾರಾಳ ಸಾಕು. ಕಂಪ್ಯೂಟರ್ ಮಾಡೆಲ್ ಆಮೇಲೆ.

ಕೆಪ್ಯಾಸಿಟರ್ ಜೋಡಿಸಿದರೆ ಸೆರಾಮಿಕ್ ಗಟ್ಟಿಯಾಗುತ್ತೆ ಅಂದ್ರೆ ನಂಬೋಕೆ ಆಗ್ತಿಲ್ಲ. ಹೇಗೆ?

ಸೆರಾಮಿಕ್ ಒತ್ತಿದಾಗ ಚಾರ್ಜ್ ಹುಟ್ಟುತ್ತದೆ. ಎರಡು ತಂತಿಗಳನ್ನು ತಾಕಿಸಿ ಶಾರ್ಟ್ ಮಾಡಿದರೆ ಆ ಚಾರ್ಜ್ ಸಲೀಸಾಗಿ ಹರಿದು ಹೋಗುತ್ತದೆ. ಒತ್ತುವವರಿಗೆ ಎದುರಾಗುವುದು ಬರೀ ವಸ್ತುವಿನ ಬಿಗಿತ. ತಂತಿಗಳನ್ನು ಬಿಡಿಸಿಟ್ಟರೆ ಚಾರ್ಜ್‌ಗೆ ಹೋಗಲು ದಾರಿ ಇಲ್ಲ. ಒಳಗೇ ವೋಲ್ಟೇಜ್ ಏರುತ್ತದೆ, ಆ ವೋಲ್ಟೇಜ್ ಒತ್ತುವುದನ್ನೇ ವಿರೋಧಿಸಿ ಹಿಂದಕ್ಕೆ ತಳ್ಳುತ್ತದೆ. ಹೊರಗಿನಿಂದ ನೋಡಿದರೆ ಸೆರಾಮಿಕ್ ಗಟ್ಟಿಯಾದ ಹಾಗೆ.

ಸೈಕಲ್ ಪಂಪಿನ ಬಾಯಿ ಬೆರಳಿಂದ ಮುಚ್ಚಿ ಹಿಡಿಕೆ ಒತ್ತಿದ ಅನುಭವ ನೆನೆಸಿಕೊಳ್ಳಿ. ಬಾಯಿ ತೆರೆದಿದ್ದರೆ ಮೆತ್ತಗೆ, ಮುಚ್ಚಿದ್ದರೆ ಗಟ್ಟಿ. ಕೆಪ್ಯಾಸಿಟರ್ ಅಂದರೆ ಬೆರಳನ್ನು ಅರ್ಧ ಸರಿಸಿದ ಹಾಗೆ.

ಎಷ್ಟು ಗಟ್ಟಿಯಾಗುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಕಪ್ಲಿಂಗ್ ಗುಣಾಂಕ, ಅಂದರೆ ಒತ್ತುವ ಶಕ್ತಿ ಮತ್ತು ವಿದ್ಯುತ್ ಒಂದಕ್ಕೊಂದು ಎಷ್ಟು ಬದಲಾಗುತ್ತವೆ ಅನ್ನುವ ಅಳತೆ. ಒಳ್ಳೆ ಪಿಜೆಡ್‌ಟಿಗೆ ಉದ್ದದ ದಿಕ್ಕಿನಲ್ಲಿ ಅದು 0.7 ಹತ್ತಿರ. ವರ್ಗ ಮಾಡಿದರೆ 0.49. ಅಂದರೆ ತಂತಿ ಬಿಡಿಸಿದಾಗ ಸೆರಾಮಿಕ್ ಬಗ್ಗುವ ಗುಣ (ಒತ್ತಿದಾಗ ಕುಗ್ಗುವ ಗುಣ) 100ರಿಂದ 51ಕ್ಕೆ ಇಳಿಯುತ್ತದೆ. ಬಿಗಿತ ಹೆಚ್ಚುಕಡಿಮೆ ದುಪ್ಪಟ್ಟು!

ಹಾಗಾದರೆ ಫ್ರೀಕ್ವೆನ್ಸಿಯನ್ನ ಎಷ್ಟು ದೂರ ಸರಿಸಬಹುದು?

ಮೇಲಿನ ಆರು ಉಂಗುರದ ಅಡುಕಿಗೇ ಬರೋಣ. ಎಲ್ಲಾ ಆರೂ ಟ್ಯೂನಿಂಗ್‌ಗೆ ಸಿಕ್ಕರೆ ಫ್ರೀಕ್ವೆನ್ಸಿ ಶೇಕಡಾ 40 ಏರಬೇಕು. ಆದರೆ ಎಲ್ಲವನ್ನೂ ಟ್ಯೂನಿಂಗ್‌ಗೇ ಕೊಟ್ಟರೆ ಶಬ್ದ ಹೊರಡಿಸುವವರು ಯಾರು? ಕೆಲವು ಉಂಗುರ ಡ್ರೈವ್‌ಗೆ ಬೇಕೇ ಬೇಕು. ಆಂಪ್ಲಿಫೈಯರ್‌ಗೆ ಜೋಡಿಸಿದ ಉಂಗುರಗಳು ಶಾರ್ಟ್ ಮಾಡಿದ ಹಾಗೇ ಮೆದುವಾಗಿ ನಡೆದುಕೊಳ್ಳುತ್ತವೆ.

ಎರಡು ಉಂಗುರ ಟ್ಯೂನಿಂಗ್‌ಗೆ, ನಾಲ್ಕು ಡ್ರೈವ್‌ಗೆ ಅಂತಿಟ್ಟರೆ ಏರಿಕೆ ಶೇಕಡಾ 9: 11.8ರಿಂದ 12.9. ನಾಲ್ಕು ಟ್ಯೂನಿಂಗ್‌ಗೆ, ಎರಡು ಡ್ರೈವ್‌ಗೆ ಅಂದರೆ ಶೇಕಡಾ 22: 11.8ರಿಂದ 14.4. ಶಕ್ತಿಯ ಪಾಲಿನ ಮಾತು ಇಲ್ಲಿ ಅಂಕಿಯಾಗಿ ಕಾಣುತ್ತದೆ ಅಲ್ವಾ? ಟ್ಯೂನಿಂಗ್ ಜಾಸ್ತಿ ಬೇಕೆಂದರೆ ಪವರ್ ಬಿಟ್ಟುಕೊಡಬೇಕು.

ಇವು ಕಾಗದದ ಮೇಲಿನ ಅಂಕಿಗಳು. ಅಂಟು, ಬೋಲ್ಟ್, ಸೆರಾಮಿಕ್‌ನ ಸ್ವಂತ ತೂಕ ಇವೆಲ್ಲ ಒಂದಿಷ್ಟು ಪಾಲು ತಿನ್ನುತ್ತವೆ. ಇರುವ ಸಾಧನದ ಮಿತಿ ತಿಳಿಯಲು ಒಂದು ನೇರ ದಾರಿ ಇದೆ. ಎಲ್ಲಾ ಉಂಗುರಗಳನ್ನು ಒಟ್ಟಿಗೆ ಜೋಡಿಸಿ ಇಂಪೀಡೆನ್ಸ್ (ಎಸಿ ಕರೆಂಟಿಗೆ ಸಾಧನ ಒಡ್ಡುವ ತಡೆ) ಅಳೆಯಿರಿ. ಇಂಪೀಡೆನ್ಸ್ ತೀರಾ ಕೆಳಗಿಳಿಯುವ ಜಾಗ ರೆಸೊನೆನ್ಸ್. ಸ್ವಲ್ಪ ಮೇಲೆ ಅದು ತೀರಾ ಏರುವ ಜಾಗ ಆಂಟಿ-ರೆಸೊನೆನ್ಸ್. ಮೊದಲನೆಯದು 12.0, ಎರಡನೆಯದು 13.5 ಬಂದರೆ ನಿಮ್ಮ ಮೈದಾನ ಅಷ್ಟೇ, ಶೇಕಡಾ 12.5. ಬರೀ ಕೆಪ್ಯಾಸಿಟರ್‌ನಿಂದ ಇದನ್ನು ದಾಟೋಕೆ ಆಗುವುದಿಲ್ಲ. ಬೇಕಾಗಿರುವುದು ಶೇಕಡಾ 30 ಆಗಿದ್ದರೆ ಆ ದಿನವೇ ಬೇರೆ ವಿನ್ಯಾಸಕ್ಕೆ ಹೋಗಿ. ತಿಂಗಳುಗಟ್ಟಲೆ ಸರ್ಕ್ಯೂಟ್ ತಿದ್ದುತ್ತಾ ಕೂರಬೇಡಿ.

ಕೆಪ್ಯಾಸಿಟರ್ ಎಷ್ಟು ನ್ಯಾನೋಫ್ಯಾರಡ್ ಇರಬೇಕು?

ಉಂಗುರದ ಸ್ವಂತ ಕೆಪ್ಯಾಸಿಟನ್ಸ್ ನೋಡಿ. ಮೇಲೆ ಹೇಳಿದ ಒಂದು ಉಂಗುರಕ್ಕೆ ಸುಮಾರು 2.2 ನ್ಯಾನೋಫ್ಯಾರಡ್. ಎರಡು ಉಂಗುರ ಸಮಾನಾಂತರ ಜೋಡಿಸಿದರೆ 4.4. ಹೊರಗಿನ ಕೆಪ್ಯಾಸಿಟರ್ ಇದಕ್ಕೆ ಸಮನಾದಾಗ ಬಗ್ಗುವ ಗುಣ ಸರಿಯಾಗಿ ಅರ್ಧ ದಾರಿಯಲ್ಲಿರುತ್ತದೆ. ಹತ್ತು ಪಟ್ಟಾದರೆ ಶಾರ್ಟ್ ಮಾಡಿದ ಹಾಗೇ. ಹಾಗಾಗಿ 1, 2.2, 4.7, 10, 22 ನ್ಯಾನೋಫ್ಯಾರಡ್‌ನ ಐದು ಕೆಪ್ಯಾಸಿಟರ್ ಇಟ್ಟು ಬೇಕಾದ್ದನ್ನು ರಿಲೇಯಿಂದ ಸೇರಿಸಿದರೆ 32 ಹೆಜ್ಜೆಗಳು ಸಿಗುತ್ತವೆ. ಫಿಲ್ಮ್ ಕೆಪ್ಯಾಸಿಟರ್ ಬಳಸಿ, ಹೆಚ್ಚು ವೋಲ್ಟ್ ತಡೆಯುವಂಥದ್ದು. ಜೋರಾಗಿ ಓಡುವಾಗ ಟ್ಯೂನಿಂಗ್ ಉಂಗುರದ ಮೇಲೆ ನೂರಾರು ವೋಲ್ಟ್ ಹುಟ್ಟುತ್ತದೆ.

ಸ್ವಿಚ್‌ನಲ್ಲಿ ರೆಸಿಸ್ಟೆನ್ಸ್ ಉಳಿಯದಂತೆ ನೋಡಿಕೊಳ್ಳಿ. ಪೂರ್ತಿ ಶಾರ್ಟ್ ಆದರೂ ಸರಿ, ಪೂರ್ತಿ ಓಪನ್ ಆದರೂ ಸರಿ. ನಡುವಿನ ರೆಸಿಸ್ಟೆನ್ಸ್ ಕಂಪನದ ಶಕ್ತಿಯನ್ನು ಬಿಸಿಯಾಗಿ ನುಂಗಿಬಿಡುತ್ತದೆ.

ಕೆಪ್ಯಾಸಿಟರ್ ಬದಲು ಇಂಡಕ್ಟರ್ ಹಾಕಿದರೆ?

ಡ್ರೈವ್ ಉಂಗುರಗಳಿಗೆ ಸಮಾನಾಂತರವಾಗಿ ಹಾಕಿದರೆ ಒಳ್ಳೆಯದೇ, ಆಂಪ್ಲಿಫೈಯರ್ ಮೇಲಿನ ಹೊರೆ ಇಳಿಯುತ್ತದೆ. ನಾಲ್ಕು ಉಂಗುರದ 8.8 ನ್ಯಾನೋಫ್ಯಾರಡ್‌ಗೆ 12 ಕಿಲೋಹರ್ಟ್ಸ್‌ನಲ್ಲಿ 20 ಮಿಲಿಹೆನ್ರಿ ಬೇಕಾಗುತ್ತದೆ. ಟ್ಯೂನಿಂಗ್ ಉಂಗುರಕ್ಕೆ ಹಾಕಿದರೆ ಮಾತ್ರ ಒಂದು ಶಿಖರ ಸರಿಯುವ ಬದಲು ಎರಡಾಗಿ ಸೀಳುತ್ತದೆ. ಅಗಲ ಬೇಕಾದವರಿಗೆ ಅದು ವರ. ಶ್ರುತಿ ಸರಿಸಬೇಕಾದವರಿಗೆ ಗೊಂದಲ.

ಬೋಲ್ಟನ್ನೇ ಬಿಗಿ, ಸಡಿಲ ಮಾಡಿ ಟ್ಯೂನ್ ಮಾಡಬಹುದಲ್ವಾ?

ದಯವಿಟ್ಟು ಬೇಡ. ಬೋಲ್ಟ್ ಇರುವುದು ಸೆರಾಮಿಕ್ ಕಾಪಾಡೋಕೆ. ಸೆರಾಮಿಕ್ ಒತ್ತಿದರೆ ತಡೆಯುತ್ತದೆ, ಎಳೆದರೆ ಒಡೆಯುತ್ತದೆ. ಅದಕ್ಕೇ ಮೊದಲೇ ಬೋಲ್ಟ್‌ನಿಂದ ಒತ್ತಿಟ್ಟಿರುತ್ತಾರೆ. 30 ಮೆಗಾಪಾಸ್ಕಲ್ ಒತ್ತಡ ಅಂದರೆ ಈ ಉಂಗುರಗಳ ಮೇಲೆ ಹೆಚ್ಚುಕಡಿಮೆ 3 ಟನ್ ಭಾರ. ಸಡಿಲ ಮಾಡಿದರೆ ಜೋರಾಗಿ ಓಡಿಸುವಾಗ ಬಿರುಕು ಬಿಡುತ್ತದೆ. ಅತಿಯಾಗಿ ಬಿಗಿದರೆ ಸೆರಾಮಿಕ್ ತನ್ನ ಧ್ರುವೀಕರಣ, ಅದರ ಜೊತೆ ಪೀಜೋ ಗುಣ ಕಳೆದುಕೊಳ್ಳಬಹುದು. ಸಿಗುವ ಟ್ಯೂನಿಂಗೂ ತೀರಾ ಸ್ವಲ್ಪ.

## ಕಟ್ಟುವುದು, ಅಳೆಯುವುದು

ಬೋಲ್ಟ್ ಬಿಗಿ ಮಾಡುವಾಗ ಜೋರಾಗಿ ಶಾಕ್ ಹೊಡೀತು. ಕರೆಂಟೇ ಕೊಟ್ಟಿರಲಿಲ್ಲ!

ಸ್ಪ್ಯಾನರ್ ತಿರುಗಿಸಿದ್ದೇ ಕರೆಂಟ್. ಟನ್‌ಗಟ್ಟಲೆ ಒತ್ತಿದಾಗ ಸೆರಾಮಿಕ್ ಸಾವಿರಾರು ವೋಲ್ಟ್ ಹುಟ್ಟಿಸಬಹುದು. ಬಿಗಿ ಮಾಡುವ ಮೊದಲು ಎಲ್ಲಾ ತಂತಿಗಳನ್ನೂ ಸೇರಿಸಿ ಶಾರ್ಟ್ ಮಾಡಿ. ಟ್ಯೂನಿಂಗ್ ಉಂಗುರದ ತಂತಿಗಳನ್ನೂ ಮರೆಯಬೇಡಿ, ಜನ ಮರೆಯುವುದು ಅವನ್ನೇ. ಅಂಟು ಒಣಗಿಸಲು ಓವನ್‌ನಲ್ಲಿಟ್ಟಾಗಲೂ ಶಾರ್ಟ್ ಇರಲಿ, ಬಿಸಿಗೂ ಚಾರ್ಜ್ ಹುಟ್ಟುತ್ತದೆ.

ಟ್ಯೂನಿಂಗ್ ಉಂಗುರಗಳನ್ನ ಅಡುಕಿನಲ್ಲಿ ಎಲ್ಲಿ ಇಡಬೇಕು?

ಕಂಪಿಸುವಾಗ ಅಲುಗದೆ ನಿಲ್ಲುವ ಒಂದು ಜಾಗ ಇರುತ್ತದೆ, ಅದು ನೋಡ್. ಅಲ್ಲಿ ಚಲನೆ ಇಲ್ಲ, ಒತ್ತಡ ಮಾತ್ರ ತುಂಬಾ. ಬಾಲ ಭಾರವಾದ್ದರಿಂದ ನೋಡ್ ಬಾಲದ ಕಡೆಗೆ ಸರಿದಿರುತ್ತದೆ. ಉಂಗುರಗಳನ್ನು ಅದರ ಹತ್ತಿರ ಇಟ್ಟರೆ ಅಷ್ಟೇ ಸೆರಾಮಿಕ್‌ನಿಂದ ಸ್ವಲ್ಪ ಜಾಸ್ತಿ ಟ್ಯೂನಿಂಗ್ ಸಿಗುತ್ತದೆ. ಅಡುಕು ಗಿಡ್ಡವಾಗಿದ್ದರೆ ಒತ್ತಡ ಎಲ್ಲಾ ಕಡೆ ಹೆಚ್ಚುಕಡಿಮೆ ಒಂದೇ, ಅಲ್ಲಿ ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಗಾಳಿಯಲ್ಲಿ ಅಳೆದಾಗ ಚೆನ್ನಾಗಿತ್ತು. ನೀರಿಗಿಳಿಸಿದ ಕೂಡಲೇ ಎಲ್ಲಾ ಬದಲಾಯ್ತು. ಯಾಕೆ?

ಎರಡು ಕಾರಣ. ಒಂದು ನ್ಯಾಯವಾದದ್ದು, ಇನ್ನೊಂದು ಮೋಸ ಮಾಡುವಂಥದ್ದು.

ನ್ಯಾಯವಾದದ್ದು ನೀರಿನ ತೂಕ. ತಲೆಯ ಮುಂದಿನ ನೀರು ಅದರ ಜೊತೆ ಅಲುಗುತ್ತದೆ. ನಮ್ಮ ಲೆಕ್ಕದ ಸಾಧನ ಗಾಳಿಯಲ್ಲಿ 12.8 ಇದ್ದದ್ದು 100 ಗ್ರಾಂ ನೀರು ಸೇರಿದ ಮೇಲೆ 11.8ಕ್ಕೆ ಇಳಿಯುತ್ತದೆ. ಶಬ್ದವಾಗಿ ಹೊರಹೋಗುವ ಶಕ್ತಿಯಿಂದ ಕ್ಯೂ ಕೂಡ ಇಳಿಯುತ್ತದೆ. ಈ ನೀರಿನ ತೂಕ ಎಲ್ಲಾ ಫ್ರೀಕ್ವೆನ್ಸಿಗೂ ಒಂದೇ ಅಲ್ಲ. ನೀವು ಟ್ಯೂನ್ ಮಾಡಿದಂತೆ ಅದೂ ಬದಲಾಗುತ್ತದೆ. ಗಾಳಿಯಲ್ಲಿ ತೆಗೆದ ಟ್ಯೂನಿಂಗ್ ಪಟ್ಟಿಯನ್ನು ನೀರಿಗೆ ಹಾಗೇ ಬಳಸಬಾರದು.

ಮೋಸ ಮಾಡುವುದು ಗಾಳಿಗುಳ್ಳೆ. ಒಮ್ಮೆ ನಾನು ಡ್ರಮ್ಮಿಗೆ ಆಗಷ್ಟೇ ನಲ್ಲಿ ನೀರು ತುಂಬಿಸಿ ಸಾಧನ ಇಳಿಸಿದೆ. ಹತ್ತು ನಿಮಿಷಕ್ಕೊಮ್ಮೆ ಅಳೆದರೆ ಪ್ರತಿ ಸಲವೂ ಬೇರೆ ಅಂಕಿ. ಮಧ್ಯಾಹ್ನವೆಲ್ಲ ಸರ್ಕ್ಯೂಟ್ ಬಿಚ್ಚಿ ನೋಡಿದೆ. ಕೊನೆಗೆ ಟಾರ್ಚ್ ಹಾಕಿ ಬಗ್ಗಿ ನೋಡಿದರೆ ತಲೆಯ ಮೇಲೆಲ್ಲ ಸಾಸಿವೆ ಕಾಳಿಗಿಂತ ಚಿಕ್ಕ ಗುಳ್ಳೆಗಳು ಮಣಿ ಪೋಣಿಸಿದ ಹಾಗೆ ಅಂಟಿದ್ದವು. ಕೈಯಿಂದ ಒರೆಸಿದ ಕೂಡಲೇ ಅಂಕಿ ಜಾಗಕ್ಕೆ ಬಂತು. ಅಂದಿನಿಂದ ನೀರನ್ನು ಒಂದೆರಡು ದಿನ ಅಲುಗಿಸದೆ ಬಿಟ್ಟಿರುತ್ತೇನೆ. ಇಳಿಸುವ ಮೊದಲು ಸಾಧನದ ಮೈಗೆ ಪಾತ್ರೆ ತೊಳೆಯುವ ಸೋಪಿನ ನೀರು ಸವರುತ್ತೇನೆ. ನೀರು ಮೈಗೆ ಚೆನ್ನಾಗಿ ಹತ್ತುತ್ತದೆ, ಗುಳ್ಳೆ ಕೂರುವುದಿಲ್ಲ.

ಒಳಗೆ ಹರಳೆಣ್ಣೆ ತುಂಬಿಸ್ತಾರೆ ಅಂತ ಕೇಳಿದೆ. ನಿಜಾನಾ?

ನಿಜ. ಹರಳೆಣ್ಣೆಯಲ್ಲಿ ಶಬ್ದದ ವೇಗ, ಸಾಂದ್ರತೆ ಎರಡೂ ನೀರಿಗೆ ಹತ್ತಿರ. ವಿದ್ಯುತ್ ಹರಿಯಲು ಬಿಡುವುದಿಲ್ಲ. ಶಬ್ದ ಎಣ್ಣೆಯಿಂದ ರಬ್ಬರ್ ದಾಟಿ ನೀರಿಗೆ ಹೋಗುವಾಗ ಹೆಚ್ಚು ತಡೆ ಸಿಗುವುದಿಲ್ಲ. ಆದರೆ ಅಂಗಡಿಯಿಂದ ತಂದು ಹಾಗೇ ಸುರಿಯುವಂತಿಲ್ಲ. ಅದರಲ್ಲಿರುವ ತೇವ, ಗಾಳಿ ಎರಡನ್ನೂ ವ್ಯಾಕ್ಯೂಮ್‌ನಲ್ಲಿ ತೆಗೆಯಬೇಕು. ಚಳಿಗೆ ಎಣ್ಣೆ ಮಂದವಾಗುತ್ತದೆ, ಅದೂ ಲೆಕ್ಕದಲ್ಲಿರಲಿ.

ಅಳೆಯೋಕೆ ಎಷ್ಟು ದೊಡ್ಡ ತೊಟ್ಟಿ ಬೇಕು?

ಇಂಪೀಡೆನ್ಸ್ ಮಾತ್ರ ನೋಡುವುದಾದರೆ ದೊಡ್ಡ ಡ್ರಮ್ಮಿನಲ್ಲೂ ಒರಟು ಅಂದಾಜು ಸಿಗುತ್ತದೆ. ಶಬ್ದದ ಮಟ್ಟ ಅಳೆಯಬೇಕಾದರೆ ಗೋಡೆಯಿಂದ ಬರುವ ಪ್ರತಿಧ್ವನಿಯೇ ಶತ್ರು. ಸಾಧನ ಮತ್ತು ಹೈಡ್ರೋಫೋನ್ ನಡುವೆ 1 ಮೀಟರ್, ಹತ್ತಿರದ ಗೋಡೆ 1 ಮೀಟರ್ ದೂರ ಅಂತಿಟ್ಟುಕೊಳ್ಳಿ. ಪ್ರತಿಧ್ವನಿ ನೇರ ಶಬ್ದಕ್ಕಿಂತ ಸುಮಾರು 0.8 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. 12 ಕಿಲೋಹರ್ಟ್ಸ್‌ನಲ್ಲಿ ಅದು ಹತ್ತು ಆವರ್ತ. ಕ್ಯೂ 10 ಇರುವ ಸಾಧನ ಪೂರ್ತಿ ಜೋರಿಗೆ ಏರೋಕೆ ಬೇಕಾಗುವುದೂ ಸುಮಾರು ಹತ್ತೇ ಆವರ್ತ. ಅಂದರೆ ಈ ತೊಟ್ಟಿ ಅಂಚಿನಲ್ಲಿದೆ. 1 ಕಿಲೋಹರ್ಟ್ಸ್‌ಗೆ ಇಳಿದರೆ ಯಾವ ತೊಟ್ಟಿಯೂ ಸಾಲದು, ಕೆರೆಗೋ ಜಲಾಶಯಕ್ಕೋ ಹೋಗಬೇಕು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಕೊಚ್ಚಿ ಪ್ರಯೋಗಾಲಯ ಎನ್‌ಪಿಒಎಲ್ ಕೇರಳದ ಇಡುಕ್ಕಿ ಜಲಾಶಯದ ಕುಳಮಾವುನಲ್ಲಿ ಪರೀಕ್ಷಾ ಕೇಂದ್ರ ಇಟ್ಟುಕೊಂಡಿರುವುದು ಇಂಥ ಕೆಲಸಕ್ಕೇ. ಆಳವಾದ, ನಿಂತ, ಸದ್ದಿಲ್ಲದ ನೀರು ಅದು.

ಎಷ್ಟು ಪವರ್ ಕೊಡಬಹುದು?

ನೀರೇ ಒಂದು ಮಿತಿ ಹಾಕುತ್ತದೆ. ಮೇಲ್ಮೈ ಹತ್ತಿರ ಒಂದು ಚದರ ಸೆಂಟಿಮೀಟರಿಗೆ ಸುಮಾರು ಮೂರನೇ ಒಂದು ವ್ಯಾಟ್ ದಾಟಿದರೆ ನೀರು ಸೀಳಿ ಗುಳ್ಳೆ ಏಳುತ್ತದೆ. ಅದೇ ಕ್ಯಾವಿಟೇಶನ್. ಚಿಟಪಟ ಸದ್ದು ಕೇಳಿದರೆ ನಿಲ್ಲಿಸಿ, ತಲೆಯ ಮೈ ಸವೆಯುತ್ತದೆ. ಆಳಕ್ಕೆ ಹೋದಷ್ಟೂ ಈ ಮಿತಿ ಏರುತ್ತದೆ. ಇನ್ನೊಂದು ವಿಷಯ: ಡಾಲ್ಫಿನ್, ತಿಮಿಂಗಿಲಗಳು ಬದುಕುವುದೇ ಶಬ್ದದ ಮೇಲೆ. ಸಮುದ್ರದಲ್ಲಿ ಜೋರಾಗಿ ಓಡಿಸುವ ಮೊದಲು ಅನುಮತಿ ಪಡೆಯಿರಿ, ಮೆಲ್ಲಗೆ ಶುರು ಮಾಡಿ ಏರಿಸಿ.

## ಆಳಕ್ಕಿಳಿದವರಿಗೆ

200, 300 ಹರ್ಟ್ಸ್‌ನಂಥ ಕೆಳ ಶ್ರುತಿಗೆ ಸೆರಾಮಿಕ್ ಅಡುಕು ಮಾಡೋಕೆ ಆಗುತ್ತಾ?

ಮಾಡಬಹುದು, ಆದರೆ ಕ್ರೇನ್ ಬೇಕಾದೀತು. ಅಷ್ಟು ಕೆಳಗೆ ನೀರನ್ನೇ ಸ್ಪ್ರಿಂಗ್ ಮಾಡಿಕೊಳ್ಳುವುದು ಜಾಣತನ. ನನಗೆ ತುಂಬಾ ಇಷ್ಟವಾದ ವಿನ್ಯಾಸ ಅಮೆರಿಕದ ವೆಬ್ ರಿಸರ್ಚ್‌ನಲ್ಲಿ ಆಂಡ್ರೇ ಮೊರೊಜೋವ್ ಮತ್ತು ಡಗ್ಲಸ್ ವೆಬ್ ಮಾಡಿದ ಆರ್ಗನ್ ಪೈಪ್. ಎರಡೂ ತುದಿ ತೆರೆದ ಉದ್ದ ಕೊಳವೆ, ನಡುವೆ ಟಾನ್‌ಪಿಲ್ಜ್ ಮಾದರಿಯ ಡ್ರೈವರ್. ಕೊಳವೆಯಲ್ಲಿ ಸೀಳುಗಳಿವೆ. ಮೇಲೊಂದು ತೋಳು ಜಾರಿ ಆ ಸೀಳುಗಳನ್ನು ಮುಚ್ಚುತ್ತಾ ತೆರೆಯುತ್ತಾ ಹೋಗುತ್ತದೆ. ಕೊಳಲಿನ ರಂಧ್ರ ಬೆರಳಿಂದ ಮುಚ್ಚಿ ತೆರೆದ ಹಾಗೇ. ಹೀಗೆ 200ರಿಂದ 300 ಹರ್ಟ್ಸ್‌ವರೆಗೆ ಸರಿಯುತ್ತದೆ.

ತೆರೆದ ಕೊಳವೆ ಅರ್ಧ ತರಂಗಾಂತರದಷ್ಟು ಉದ್ದ ಇರಬೇಕು: 250 ಹರ್ಟ್ಸ್‌ಗೆ 3 ಮೀಟರ್. ಒಳಗೂ ಹೊರಗೂ ನೀರೇ ಇರುವುದರಿಂದ ಎಷ್ಟು ಆಳಕ್ಕೆ ಹೋದರೂ ಕೊಳವೆ ನುಜ್ಜುಗುಜ್ಜಾಗುವುದಿಲ್ಲ. ಇಲ್ಲಿ ಶೇಕಡಾ 50 ಸರಿಯೋಕೆ ಕಾರಣ ಮತ್ತೆ ಅದೇ: ಕಂಪನದ ಶಕ್ತಿ ಬಹುಪಾಲು ಕೊಳವೆಯ ನೀರಿನಲ್ಲೇ ಇದೆ, ನೀವು ಬದಲಿಸುತ್ತಿರುವುದೂ ಅದನ್ನೇ. ದೂರದೂರಕ್ಕೆ ಶಬ್ದ ಕಳಿಸಿ ಸಮುದ್ರದ ಉಷ್ಣತೆ ಅಳೆಯುವ ಪ್ರಯೋಗಗಳಲ್ಲಿ ಇಂಥ ಸಾಧನಗಳನ್ನು ಬಳಸಿದ್ದಾರೆ.

ಗಾಳಿ ತುಂಬಿದ ಚೀಲ ಇಟ್ಟು ಟ್ಯೂನ್ ಮಾಡಬಹುದಾ?

ಮಾಡಬಹುದು, ಸಾಧನ ಚಿಕ್ಕದಾಗುತ್ತದೆ. 1933ರಲ್ಲಿ ಮಿನಾರ್ಟ್ ಕೊಟ್ಟ ಸೂತ್ರದ ಪ್ರಕಾರ ನೀರಿನ ಮೇಲ್ಮೈ ಬಳಿ 1 ಸೆಂ.ಮೀ. ತ್ರಿಜ್ಯದ ಗುಳ್ಳೆ ಸುಮಾರು 326 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ತೊಂದರೆ ಇರುವುದು ಆಳದಲ್ಲಿ. ಗುಳ್ಳೆಯ ಗಾತ್ರ ಅಷ್ಟೇ ಇದ್ದರೂ 90 ಮೀಟರ್ ಇಳಿದರೆ ಒತ್ತಡ ಹತ್ತು ಪಟ್ಟಾಗುತ್ತದೆ, ಶ್ರುತಿ 3.2 ಪಟ್ಟು ಏರುತ್ತದೆ. ಹಾಗಾಗಿ ಆಳಕ್ಕೆ ತಕ್ಕಂತೆ ಗಾಳಿ ತುಂಬುವ, ಬಿಡುವ ಏರ್ಪಾಡು ಬೇಕೇ ಬೇಕು.

ಟರ್ಫೆನಾಲ್-ಡಿ ಬಳಸಿದರೆ ಜಾಸ್ತಿ ಟ್ಯೂನಿಂಗ್ ಸಿಗುತ್ತಂತೆ?

ಸಿಗುತ್ತದೆ. ಟರ್ಬಿಯಂ, ಡಿಸ್‌ಪ್ರೋಸಿಯಂ, ಕಬ್ಬಿಣದ ಈ ಮಿಶ್ರಲೋಹದ ಬಿಗಿತ ಕಾಂತಕ್ಷೇತ್ರಕ್ಕೆ ತಕ್ಕಂತೆ ದುಪ್ಪಟ್ಟಿಗೂ ಹೆಚ್ಚು ಬದಲಾಗುವುದನ್ನು ಅಳೆದಿದ್ದಾರೆ. ಕಾಯಿಲ್‌ಗೆ ಕೊಡುವ ಡಿಸಿ ಕರೆಂಟ್ ಬದಲಿಸಿದರೆ ಸಾಕು. ಆದರೆ ಡ್ರೈವ್ ಮಾಡುವ ಶಕ್ತಿಯೂ ಆ ಡಿಸಿಯ ಮೇಲೇ ನಿಂತಿದೆ. ಶ್ರುತಿ ಸರಿಸಿದರೆ ಶಬ್ದದ ಜೋರೂ ಬದಲಾಗುತ್ತದೆ. ವಸ್ತು ದುಬಾರಿ, ಬೇಗ ಒಡೆಯುತ್ತದೆ, ಕಾಯಿಲ್ ಬಿಸಿಯಾಗುತ್ತದೆ. ಮೊದಲ ಪ್ರಾಜೆಕ್ಟಿಗೆ ನಾನಂತೂ ಸಲಹೆ ಮಾಡುವುದಿಲ್ಲ.

ನೆಗೆಟಿವ್ ಕೆಪ್ಯಾಸಿಟನ್ಸ್ ಸರ್ಕ್ಯೂಟ್‌ನಿಂದ ಮಿತಿ ದಾಟಬಹುದಾ?

ತಾತ್ವಿಕವಾಗಿ ಹೌದು. ಆಪ್-ಆಂಪ್ (ಸಣ್ಣ ಆಂಪ್ಲಿಫೈಯರ್ ಚಿಪ್) ಬಳಸಿ ಕೆಪ್ಯಾಸಿಟರ್ ಉಲ್ಟಾ ನಡೆಯುವಂತೆ ಮಾಡಿದರೆ ಸೆರಾಮಿಕ್ ತಂತಿ ಬಿಡಿಸಿದ್ದಕ್ಕಿಂತ ಗಟ್ಟಿಯಾಗುತ್ತದೆ, ಅಥವಾ ಶಾರ್ಟ್ ಮಾಡಿದ್ದಕ್ಕಿಂತ ಮೆದುವಾಗುತ್ತದೆ. ಹೊರಗಿನಿಂದ ಶಕ್ತಿ ತಂದು ಸುರಿಯುತ್ತಿದ್ದೀರಿ, ಅದಕ್ಕೇ ಮಿತಿ ದಾಟುತ್ತದೆ. ಬೆಲೆ ಏನೆಂದರೆ, ಅದರ ಅಳತೆ ಸೆರಾಮಿಕ್‌ನ ಸ್ವಂತ ಕೆಪ್ಯಾಸಿಟನ್ಸ್‌ಗೆ ಹತ್ತಿರವಾದಷ್ಟೂ ಪರಿಣಾಮ ದೊಡ್ಡದು, ಸರ್ಕ್ಯೂಟ್ ತಾನೇ ಕಿರುಚಿಕೊಳ್ಳುವ ಅಪಾಯವೂ ದೊಡ್ಡದು. ನೂರಾರು ವೋಲ್ಟ್ ತಡೆಯುವ ಆಪ್-ಆಂಪ್ ಕೂಡ ಬೇಕು. ಸಣ್ಣ ಪವರ್‌ನಲ್ಲಿ ಕಲಿಯೋಕೆ ಚೆನ್ನ.

ಕರ್ನಾಟಕದಲ್ಲಿ ಈ ಕೆಲಸ ಎಲ್ಲಾದರೂ ಇದೆಯಾ?

ಇದೆ. ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ನೌಕಾಪಡೆಗೆ ಸೋನಾರ್‌ಗಳನ್ನು, ಅಂದರೆ ಶಬ್ದದಿಂದ ನೀರೊಳಗಿನ ವಸ್ತು ಹುಡುಕುವ ಸಾಧನಗಳನ್ನು, ತಯಾರಿಸುತ್ತದೆ. ಹಂಸ, ಉಷಸ್‌ನಂಥ ಸೋನಾರ್‌ಗಳ ವಿನ್ಯಾಸ ಎನ್‌ಪಿಒಎಲ್‌ನದು. ರಾಜ್ಯದ ಹೊರಗೆ, ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಎನ್‌ಐಒಟಿಯಲ್ಲಿ ಟ್ರಾನ್ಸ್‌ಡ್ಯೂಸರ್ ಪರೀಕ್ಷೆಗೆಂದೇ ದೊಡ್ಡ ತೊಟ್ಟಿ ಇದೆ. ಸುರತ್ಕಲ್‌ನ ಎನ್‌ಐಟಿಕೆ ಸಮುದ್ರದ ದಡದಲ್ಲೇ ಇದ್ದು, ಸಾಗರ ಎಂಜಿನಿಯರಿಂಗ್ ವಿಭಾಗವನ್ನೂ ಹೊಂದಿದೆ.

ನೀರು, ಆಳ ಬದಲಾದಂತೆ ಸಾಧನ ತಾನಾಗಿಯೇ ಟ್ಯೂನ್ ಆಗುವ ಹಾಗೆ ಮಾಡಬಹುದಾ?

ಮಾಡಬಹುದು, ಮಾಡಲೇಬೇಕು ಅಂತಲೂ ಹೇಳ್ತೀನಿ. ಶಬ್ದದ ಜೋರು ನೋಡಿ ಟ್ಯೂನ್ ಮಾಡಬೇಡಿ, ಫೇಸ್ (ಕಂಪನ ಡ್ರೈವ್‌ಗಿಂತ ಎಷ್ಟು ಹಿಂದೆ ಮುಂದೆ ಇದೆ ಅನ್ನುವುದು) ನೋಡಿ ಮಾಡಿ. ಶಿಖರದ ತುದಿ ಚಪ್ಪಟೆ, ಅಲ್ಲಿ ಎಡಕ್ಕಿದ್ದೀವೋ ಬಲಕ್ಕಿದ್ದೀವೋ ಗೊತ್ತಾಗುವುದಿಲ್ಲ. ಫೇಸ್ ಮಾತ್ರ ಅದೇ ಜಾಗದಲ್ಲಿ ಕಡಿದಾಗಿ ಇಳಿಯುತ್ತದೆ, ಯಾವ ಕಡೆ ಸರಿಸಬೇಕು ಅಂತಲೂ ಹೇಳುತ್ತದೆ. ತಲೆಯ ಹಿಂದೆ ಚಿಕ್ಕ ಆಕ್ಸಲರೋಮೀಟರ್ (ಅಲುಗಾಟ ಅಳೆಯುವ ಸೆನ್ಸರ್) ಅಂಟಿಸಿ, ಅದರ ಸಿಗ್ನಲ್ ಮತ್ತು ಡ್ರೈವ್ ವೋಲ್ಟೇಜ್ ನಡುವಿನ ಫೇಸ್ ಅಳೆಯಿರಿ. ಗುರಿಯಿಂದ ಜಾರಿದಾಗ ಕೆಪ್ಯಾಸಿಟರ್ ಒಂದು ಹೆಜ್ಜೆ ಬದಲಿಸಿ.

ಬದಲಿಸಿದ ಕೂಡಲೇ ಮತ್ತೆ ಅಳೆಯಬೇಡಿ. ಕ್ಯೂ 10, ಫ್ರೀಕ್ವೆನ್ಸಿ 12 ಕಿಲೋಹರ್ಟ್ಸ್ ಆದರೆ ಹಳೆಯ ಕಂಪನ ಅಡಗಿ ಹೊಸದು ನೆಲೆಸಲು ಸುಮಾರು 1 ಮಿಲಿಸೆಕೆಂಡ್ ಬೇಕು. ರಿಲೇ ಬಳಸಿದ್ದರೆ ಅದರ ಸಂಪರ್ಕ ಕೂರಲು ಇನ್ನೂ ಕೆಲವು ಮಿಲಿಸೆಕೆಂಡ್. ಡ್ರೈವ್ ನಿಲ್ಲಿಸಿ, ರಿಲೇ ಬದಲಿಸಿ, ಹತ್ತು ಮಿಲಿಸೆಕೆಂಡ್ ಕಾದು ಮತ್ತೆ ಶುರು ಮಾಡಿದರೆ ರಿಲೇ ತುದಿಗಳೂ ಸುಡದೆ ಬಹಳ ದಿನ ಬಾಳುತ್ತವೆ.